ಅಜ್ಜನ ಕಾರ್ಡಿನಲ್ಲಿ ಅಲೆಕ್ಸಾಂಡ್ರಿಯಾ: ಅಲ್ಲಿಯ ಪೇಟೆಗೆ ‘ನಮ್ಮ’ ಒಳ್ಳೆಮೆಣಸು ಹೋದದ್ದು ಹೇಗೆ?

ಬಳ್ಳಿಮನೆ, ವಿರಾಜಪೇಟೆ ಕಡೆ

ಕಳೆದ ತಿಂಗಳು ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ ಅಜ್ಜನ ತಗಡಿನ ಟ್ರಂಕು ಸಿಕ್ಕಿತು. ಅಜ್ಜ 1942ರಲ್ಲಿ ಸೇನೆಯ ಲಾರಿ ಓಡಿಸುತ್ತ ಈಜಿಪ್ಟಿನಲ್ಲಿದ್ದ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ, ಏಕೆಂದರೆ ಅವನು ಬಾಯಿ ಬಿಡಲಿಲ್ಲ. ಟ್ರಂಕಿನಲ್ಲಿ ನುಸಿ ತಿಂದ ಉಣ್ಣೆಯ ಸ್ವೆಟರ್, ಎರಡು ಪದಕ, ಒಂದು ಚಿತ್ರದ ಕಾರ್ಡ್. ಕಾರ್ಡನ್ನು ಅಂಚೆಗೆ ಹಾಕಿಲ್ಲ, ಬರುವಾಗ ಕೈಯಲ್ಲೇ ತಂದಿದ್ದಾನೆ.

ಚಿತ್ರದಲ್ಲಿರುವುದು ಒಂಟಿ ಕಲ್ಲಿನ ಕಂಬ. ಬುಡದಲ್ಲಿ ನಿಂತ ಮನುಷ್ಯ ಬೆರಳಿನ ಉಗುರಿನಷ್ಟೂ ಇಲ್ಲ. ಕೆಳಗೆ ‘ಪಾಂಪೆಯ ಕಂಬ, ಅಲೆಕ್ಸಾಂಡ್ರಿಯಾ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಹಿಂಬದಿಯಲ್ಲಿ ಅವ್ವನಿಗೆ ಬರೆದ ನಾಲ್ಕು ಸಾಲುಗಳು, ಪೆನ್ಸಿಲಿನಲ್ಲಿ, ಕನ್ನಡದಲ್ಲಿ. ಮೊದಲೆರಡು ಕ್ಷೇಮಸಮಾಚಾರ. ಮೂರನೆಯದು ಹೀಗಿದೆ: ‘ಇಲ್ಲಿಯ ಪೇಟೆಯಲ್ಲಿ ನಮ್ಮ ಒಳ್ಳೆಮೆಣಸು ನೋಡಿದೆ. ಕಾಳು ಸಣ್ಣದು, ವಾಸನೆ ನಮ್ಮದೇ.’

ನಾನು ಒಳ್ಳೆಮೆಣಸು, ಅಂದರೆ ಕಾಳುಮೆಣಸು, ಬೆಳೆಯುವವಳು. ಒಂದು ಹಿಡಿ ಕಾಳನ್ನು ಮೂಸಿ ಅದು ಯಾವ ಹೋಬಳಿಯದು ಎಂದು ಹೇಳುವ ಜನ ನಮ್ಮಲ್ಲಿ ಇದ್ದಾರೆ. ಅಜ್ಜ ಅವರಲ್ಲೊಬ್ಬ ಎಂದು ಅಪ್ಪ ಹೇಳುತ್ತಿದ್ದರು. ಹಾಗಾಗಿ ಆ ಸಾಲನ್ನು ಮನೆಯ ನೆನಪು ಕಾಡಿದ ಹುಡುಗನ ಮಾತು ಎಂದು ತಳ್ಳಿಹಾಕಲು ಮನಸ್ಸಾಗುತ್ತಿಲ್ಲ. ಅಲೆಕ್ಸಾಂಡ್ರಿಯಾ ಎಂದರೆ ನನಗೆ ಗೊತ್ತಿರುವುದು ಶಾಲೆಯ ಪುಸ್ತಕದ ದೀಪಸ್ತಂಭ ಮತ್ತು ಸುಟ್ಟುಹೋದ ಗ್ರಂಥಾಲಯ, ಅಷ್ಟೇ. ಆ ಕಂಬ ಯಾರದು? ಆ ಊರಿಗೂ ನಮ್ಮ ಕಡೆಯ ಮೆಣಸಿಗೂ ಹಳೆಯ ನಂಟು ಇದೆಯೇ? ತಿಳಿದವರು ಸ್ವಲ್ಪ ವಿವರವಾಗಿ ಬರೆಯಿರಿ. ಕಣದಲ್ಲಿ ಮೆಣಸು ಹರಡಿದೆ, ಕಾವಲು ಕುಳಿತಿದ್ದೇನೆ, ಓದಲು ಸಮಯವಿದೆ.

ಹಡಗು ಬಿಟ್ಟವನು, ಪೊನ್ನಂಪೇಟೆ

ನಿಮ್ಮ ಅಜ್ಜ ನೋಡಿದ ಕಂಬದ ಬುಡದಲ್ಲಿ ನಾನೂ ನಿಂತಿದ್ದೇನೆ. ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಬೆವರು ಸುರಿಸಿದವನು ನಾನು. 1987ರಲ್ಲಿ ನಮ್ಮ ಹಡಗು ಅಲೆಕ್ಸಾಂಡ್ರಿಯಾದ ಹೊರಗೆ ಜಾಗ ಸಿಗದೆ ಒಂಬತ್ತು ದಿನ ಲಂಗರು ಹಾಕಿ ನಿಂತಿತ್ತು, ಒಳಗೆ ಹೋದ ಮೇಲೆ ಇನ್ನೂ ಐದು ದಿನ. ಕಾಗದಪತ್ರ ಸರಿ ಮಾಡಬೇಕಾದ ಏಜೆಂಟ್ ನಾಪತ್ತೆಯಾಗಿದ್ದ. ಅವನ ದಯೆಯಿಂದ ನಾನು ಊರು ನೋಡಿದೆ.

ಮೊದಲು ಕಂಬದ ವಿಷಯ. ಅದು ಪಾಂಪೆಯದಲ್ಲ. ಪಾಂಪೆ ಎಂಬ ರೋಮನ್ ಸೇನಾಪತಿ ಸೀಸರನಿಗೆ ಸೋತು ಓಡಿಬಂದು, ಕ್ರಿ.ಪೂ. 48ರಲ್ಲಿ ಈಜಿಪ್ಟಿನ ದಡದಲ್ಲಿ ಇಳಿಯುವಾಗಲೇ ಕೊಲೆಯಾದ. ಅವನ ತಲೆ ಆ ಕಂಬದ ಮೇಲಿದೆ ಎಂದು ಸಾವಿರ ವರ್ಷಗಳ ನಂತರ ಬಂದ ಯುರೋಪಿನವರು ಕತೆ ಕಟ್ಟಿದರು, ಹೆಸರು ಅಂಟಿಕೊಂಡಿತು. ನಿಜದಲ್ಲಿ ಅದು ಡಯೊಕ್ಲೀಷಿಯನ್ ಚಕ್ರವರ್ತಿಯ ಗೌರವಕ್ಕೆ ನಿಲ್ಲಿಸಿದ್ದು. ಕ್ರಿ.ಶ. 297ರಲ್ಲಿ ಊರು ದಂಗೆಯೆದ್ದಿತು, ಅವನು ಎಂಟು ತಿಂಗಳು ಮುತ್ತಿಗೆ ಹಾಕಿ ಗೆದ್ದ. ‘ರಕ್ತ ನನ್ನ ಕುದುರೆಯ ಮೊಣಕಾಲಿಗೆ ಬರುವವರೆಗೆ ಕೊಲ್ಲಿರಿ’ ಎಂದು ಅವನು ಆಜ್ಞೆ ಮಾಡಿದನಂತೆ. ಕುದುರೆ ಒಂದು ಹೆಣಕ್ಕೆ ಎಡವಿ ಮೊಣಕಾಲೂರಿತು, ಮೊಣಕಾಲಿಗೆ ರಕ್ತ ತಗಲಿತು, ಕೊಲೆ ಅಲ್ಲಿಗೇ ನಿಂತಿತು. ಊರಿನವರು ಆ ಕುದುರೆಗೆ ಒಂದು ಪ್ರತಿಮೆ ಮಾಡಿಸಿದರು ಎಂಬ ಹಳೆಯ ಕತೆಯೂ ಇದೆ. ಅಸ್ವಾನಿನಿಂದ ನೈಲ್ ನದಿಯ ಮೇಲೆ ತಂದ ಕೆಂಪು ಗ್ರಾನೈಟ್. ನಡುವಿನ ಉರುಟು ಕಂಬ ಒಂದೇ ಕಲ್ಲು, 20 ಮೀಟರಿಗಿಂತ ಉದ್ದ. ಬುಡ ತಲೆ ಸೇರಿ ಸುಮಾರು 27 ಮೀಟರ್. ನಿಮ್ಮ ತೋಟದ ಅತಿ ಎತ್ತರದ ಸಿಲ್ವರ್ ಓಕ್ ಮರವನ್ನು ಮನಸ್ಸಿಗೆ ತಂದುಕೊಳ್ಳಿ, ಕೊಂಬೆ ಎಲ್ಲ ಸವರಿದ್ದು. ನಾನು ಅಂಗೈ ಇಟ್ಟಾಗ ಕಲ್ಲು ಬಿಸಿಲಿಗೆ ಕಾದು ಸುಡುತ್ತಿತ್ತು, ನೆರಳಿನ ಬದಿ ಮಾತ್ರ ತಣ್ಣಗೆ, ನಯವಾಗಿ, ಅರೆಯುವ ಕಲ್ಲಿನ ಹಾಗೆ.

ಕಂಬ ನಿಂತಿರುವ ಗುಡ್ಡದ ಮೇಲೆ ಹಿಂದೆ ಸೆರಾಪಿಸ್ ಎಂಬ ದೇವರ ದೊಡ್ಡ ಗುಡಿ ಇತ್ತು. 391ರ ಸುಮಾರಿಗೆ ಅದನ್ನು ಕೆಡವಿದರು. ಈ ದೇವರ ಹೆಸರು ನೆನಪಿಟ್ಟುಕೊಳ್ಳಿ, ಮೆಣಸಿನ ಹತ್ತಿರ ಮತ್ತೆ ಬರುತ್ತಾನೆ.

ಊರಿನ ಹುಟ್ಟು ಕ್ರಿ.ಪೂ. 331ರಲ್ಲಿ. ಅಲೆಕ್ಸಾಂಡರ್ ಬಂದು ಜಾಗ ಆರಿಸಿದ. ಬೀದಿಗಳ ಗೆರೆ ಎಳೆಯಲು ಸುಣ್ಣ ಸಿಗದೆ ಬಾರ್ಲಿ ಹಿಟ್ಟಿನಲ್ಲಿ ಎಳೆದರು, ಹಕ್ಕಿಗಳು ಬಂದು ಹಿಟ್ಟನ್ನೆಲ್ಲ ತಿಂದವು. ಅಪಶಕುನ ಎಂದು ರಾಜ ಹೆದರಿದ. ಈ ಊರು ಎಲ್ಲರಿಗೂ ಅನ್ನ ಹಾಕುತ್ತದೆ ಎಂದು ಶಕುನದವರು ಜಾಣತನದಿಂದ ತಿರುಗಿಸಿದರು. ಜಾಗ ಆರಿಸಿದವನ ಕಣ್ಣಿಗೆ ಮಾತ್ರ ಹಡಗಿನವನಾಗಿ ನಾನು ಕೈಮುಗಿಯುತ್ತೇನೆ. ನೈಲ್ ನದಿ ತರುವ ಕೆಸರನ್ನು ಸಮುದ್ರದ ಒಳಹರಿವು ಪೂರ್ವಕ್ಕೆ ತಳ್ಳುತ್ತದೆ. ಊರಿರುವುದು ನದೀಮುಖದ ಪಶ್ಚಿಮಕ್ಕೆ. ಬಂದರು ಬೇಗ ಹೂಳು ತುಂಬುವುದಿಲ್ಲ. ಎದುರಿಗೆ ಫಾರೋಸ್ ದ್ವೀಪ, ಅಲೆಗೆ ತಡೆಗೋಡೆ. ದಡದಿಂದ ದ್ವೀಪಕ್ಕೆ ಸುಮಾರು 1.2 ಕಿ.ಮೀ. ಉದ್ದದ ಕಟ್ಟೆ ಕಟ್ಟಿದರು, ಬಂದರು ಎರಡಾಯಿತು: ಪೂರ್ವಕ್ಕೆ ದೊಡ್ಡ ಬಂದರು, ಪಶ್ಚಿಮಕ್ಕೆ ‘ಸುಖವಾಗಿ ಮರಳು’ ಎಂಬ ಅರ್ಥದ ಹೆಸರಿನ ಯೂನೋಸ್ಟಸ್. ಆ ಕಟ್ಟೆಯ ಎರಡೂ ಬದಿಗೆ ಮಣ್ಣು ಸೇರಿ ಸೇರಿ ಈಗ ಅದೇ ಒಂದು ಬಡಾವಣೆ. ನಾನು ಅದರ ಮೇಲೆ ಟ್ರಾಮಿನಲ್ಲಿ ಹೋದೆ, ಕೆಳಗೆ ಕ್ಲಿಯೋಪಾತ್ರಳ ಕಾಲದ ಸೇತುವೆ ಇದೆ ಎಂದು ಟಿಕೆಟ್ ಕೊಟ್ಟವನಿಗೂ ಗೊತ್ತಿರಲಿಲ್ಲ.

ಆದರೆ ನಿಮ್ಮ ಪ್ರಶ್ನೆಗೆ ಬೇಕಾದದ್ದು ಈ ಎರಡು ಬಂದರುಗಳಲ್ಲ. ಊರಿನ ಬೆನ್ನಿಗೆ ಮರಿಯೋಟಿಸ್ ಎಂಬ ಸರೋವರ ಇದೆ, ಅದಕ್ಕೆ ನೈಲ್ ನದಿಯಿಂದ ಕಾಲುವೆಗಳು. ಕ್ರಿಸ್ತಶಕದ ಆರಂಭದ ಹೊತ್ತಿಗೆ ಈ ಊರಿಗೆ ಬಂದಿದ್ದ ಸ್ಟ್ರಾಬೋ ಎಂಬ ಭೂಗೋಳಕಾರ, ಸಮುದ್ರದ ಬಂದರಿಗಿಂತ ಸರೋವರದ ಬಂದರೇ ಶ್ರೀಮಂತ ಎಂದು ಬರೆದಿದ್ದಾನೆ. ಎಲ್ಲರೂ ದೀಪಸ್ತಂಭದ ಕಡೆಯ ಮುಂಬಾಗಿಲು ನೋಡುತ್ತಾರೆ; ಮೆಣಸು ಬಂದದ್ದು ಹಿತ್ತಲ ಬಾಗಿಲಿನಿಂದ.

ದಾರಿ ಹೀಗೆ. ಈಜಿಪ್ಟಿನ ಹಡಗುಗಳು ಜುಲೈ ಸುಮಾರಿಗೆ ಕೆಂಪು ಸಮುದ್ರದಿಂದ ಹೊರಟು ಮುಂಗಾರಿನ ಗಾಳಿ ಹಿಡಿದು ಮಲಬಾರಿನ ಮುಜಿರಿಸ್ ಬಂದರಿಗೆ ಬರುತ್ತಿದ್ದವು. ವರ್ಷಕ್ಕೆ 120 ಹಡಗು ಹೋಗುತ್ತವೆ ಎಂಬ ಲೆಕ್ಕವೂ ಸ್ಟ್ರಾಬೋನದೇ. ಮರಳಿ ಹೊರಡಲು ಡಿಸೆಂಬರ್ ಒಳ್ಳೆಯದು, ತಡವಾದರೂ ಜನವರಿ 13ರೊಳಗೆ ಎಂದು ಪ್ಲಿನಿ ಎಂಬ ರೋಮನ್ ಲೇಖಕ ಬರೆದಿದ್ದಾನೆ. ಕೆಂಪು ಸಮುದ್ರದ ಉತ್ತರ ಭಾಗದಲ್ಲಿ ಗಾಳಿ ಎದುರಿನಿಂದ ಬೀಸುತ್ತದೆ. ಇಂಜಿನ್ ಇಲ್ಲದ ಹಡಗಿಗೆ ಅದು ನರಕ. ಆದ್ದರಿಂದ ದಕ್ಷಿಣದಲ್ಲೇ ಬೆರೆನಿಕೆ ಎಂಬ ಬಂದರಿನಲ್ಲಿ ಸರಕು ಇಳಿಸಿ, ಒಂಟೆಯ ಮೇಲೆ ರಾತ್ರಿ ಹೊತ್ತು ನಡೆದು, ಹನ್ನೆರಡು ದಿನಕ್ಕೆ ನೈಲ್ ದಡದ ಕಾಪ್ಟೋಸ್ ಸೇರುತ್ತಿದ್ದರು. ಅಲ್ಲಿಂದ ದೋಣಿಯಲ್ಲಿ ನದಿಯ ಹರಿವಿನ ಜೊತೆ ಅಲೆಕ್ಸಾಂಡ್ರಿಯಾಕ್ಕೆ.

1999ರಲ್ಲಿ ಆ ಬೆರೆನಿಕೆಯ ಸೆರಾಪಿಸ್ ಗುಡಿಯ ಅಂಗಳ ಅಗೆಯುವಾಗ, ನೆಲದಲ್ಲಿ ಹುಗಿದ ಒಂದು ದೊಡ್ಡ ಮಡಕೆ ಸಿಕ್ಕಿತು. ಮಡಕೆ ಭಾರತದಲ್ಲಿ ಮಾಡಿದ್ದು. ಒಳಗೆ ಏಳೂವರೆ ಕಿಲೋ ಕಾಳುಮೆಣಸು, ಸುಮಾರು 2000 ವರ್ಷ ಹಳೆಯದು. ನಿಮ್ಮ ಅಜ್ಜನ ಕಂಬ ಇರುವುದೂ ಅದೇ ದೇವರ ಅಂಗಳದಲ್ಲಿ.

ವಿಯೆನ್ನಾದಲ್ಲಿ ಒಂದು ಪಪೈರಸ್ (ಜೊಂಡಿನಿಂದ ಮಾಡಿದ) ಹಾಳೆಯೂ ಇದೆ, ಎರಡನೆಯ ಶತಮಾನದ್ದು. ಮುಜಿರಿಸ್‌ಗೆ ಹೋಗಿಬಂದ ವ್ಯಾಪಾರಿಯ ಸಾಲಪತ್ರ. ಸರಕು ಕಾಪ್ಟೋಸಿನ ಸರ್ಕಾರಿ ಉಗ್ರಾಣದಲ್ಲಿರಬೇಕು, ನಿನ್ನ ಮೊಹರಿನಡಿ ಇರಬೇಕು, ಅಲೆಕ್ಸಾಂಡ್ರಿಯಾದ ಸುಂಕದ ಉಗ್ರಾಣಕ್ಕೂ ಹಾಗೆಯೇ ಹೋಗಬೇಕು ಎಂದು ಸಾಲ ಕೊಟ್ಟವನಿಗೆ ಮಾತು ಕೊಡುತ್ತಾನೆ. ಬ್ಯಾಂಕಿನ ಅಡಮಾನ ಪತ್ರ ಓದಿದ ಹಾಗೆ ಇದೆ. ಹಿಂಬದಿಯಲ್ಲಿ ಹರ್ಮಪೊಲೊನ್ ಎಂಬ ಹಡಗಿನ ಸರಕಿನ ಬೆಲೆಪಟ್ಟಿ: ಗಂಗೆಯ ಕಡೆಯ ಜಟಾಮಾಂಸಿ, ದಂತ. ಒಟ್ಟು ಸುಮಾರು 70 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ). ಪ್ರಾಮಾಣಿಕವಾಗಿ ಹೇಳಬೇಕೆಂದರೆ ಉಳಿದಿರುವ ಹಾಳೆಯಲ್ಲಿ ಮೆಣಸಿನ ಹೆಸರಿಲ್ಲ. ಹರಿದುಹೋದ ಭಾಗದಲ್ಲಿ ಇದ್ದಿರಬೇಕು ಎಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಇಂಥ ಸರಕಿನ ಮೇಲೆ ಸುಂಕ ನಾಲ್ಕನೆಯ ಒಂದು ಭಾಗ. ನೂರು ಚೀಲ ಬಂದರೆ ಇಪ್ಪತ್ತೈದು ಚೀಲ ಸರ್ಕಾರಕ್ಕೆ.

ದೀಪಸ್ತಂಭದ ಬಗ್ಗೆ ಎರಡು ಮಾತು. ಕ್ರಿ.ಪೂ. 280ರ ಹೊತ್ತಿಗೆ ಆಯಿತು, ಎತ್ತರ 100 ಮೀಟರಿಗೆ ಮೇಲೆ. ಕೆಳಗೆ ಚೌಕ, ನಡುವೆ ಎಂಟು ಮೂಲೆ, ಮೇಲೆ ದುಂಡು. ಬೆಂಕಿ ಅದನ್ನು ಕೆಡವಲಿಲ್ಲ, ಯುದ್ಧವೂ ಅಲ್ಲ, ಭೂಕಂಪಗಳು. 1303ರದ್ದು ದೊಡ್ಡ ಪೆಟ್ಟು. ಯಾತ್ರಿಕ ಇಬ್ನ್ ಬತೂತ 1326ರಲ್ಲಿ ಬಂದಾಗ ಒಳಗೆ ಹೋಗಲು ಸಾಧ್ಯವಿತ್ತು, 1349ರಲ್ಲಿ ಬಾಗಿಲವರೆಗೂ ಹತ್ತಲಾಗಲಿಲ್ಲ. ಅದರ ಬುಡದ ಮೇಲೆ 1477ರಿಂದ ಸುಲ್ತಾನ ಕೈತ್‌ಬೇ ಕೋಟೆ ಕಟ್ಟಿಸಿದ. ಉಳಿದ ಕಲ್ಲುಗಳು ಸಮುದ್ರದ ತಳದಲ್ಲಿವೆ, 1994ರಿಂದ ಮುಳುಗುಗಾರರು ಎಣಿಸುತ್ತಿದ್ದಾರೆ.

ಮಂಡಿ ಲೆಕ್ಕ, ಗೋಣಿಕೊಪ್ಪ

ಹಡಗಿನವರು ಇತಿಹಾಸ ಹೇಳಿದರು, ದರ ಹೇಳಲಿಲ್ಲ. ಮೆಣಸಿನ ಮಾತಿನಲ್ಲಿ ದರ ಬಿಟ್ಟರೆ ಉಪ್ಪಿಲ್ಲದ ಸಾರು.

ಪ್ಲಿನಿ ಬರೆದಿಟ್ಟ ರೋಮಿನ ದರ ಹೀಗಿದೆ: ಒಂದು ಪೌಂಡ್ ಕರಿಮೆಣಸಿಗೆ 4 ದೆನಾರಿ (ರೋಮಿನ ಬೆಳ್ಳಿ ನಾಣ್ಯ), ಬಿಳಿಮೆಣಸಿಗೆ 7, ಹಿಪ್ಪಲಿಗೆ 15. ಅವರ ಪೌಂಡ್ ಸುಮಾರು 327 ಗ್ರಾಂ. ಆಗ ರೋಮನ್ ಸಿಪಾಯಿಗೆ ವರ್ಷಕ್ಕೆ 225 ದೆನಾರಿ ಸಂಬಳ. ಭಾಗಿಸಿ ನೋಡಿ, ಇಡೀ ವರ್ಷದ ಸಂಬಳಕ್ಕೆ ಬರುವುದು ಹದಿನೆಂಟು ಕಿಲೋ ಕರಿಮೆಣಸು. ನಮ್ಮ ಅರ್ಧ ಚೀಲವೂ ಅಲ್ಲ. ನಿಮ್ಮ ಅಜ್ಜ ಆ ಕಾಲದ ಸಿಪಾಯಿಯಾಗಿದ್ದರೆ ಪೇಟೆಯಲ್ಲಿ ಮೂಸಿ ನೋಡಿ ಸುಮ್ಮನೆ ಬರಬೇಕಿತ್ತು.

ಪ್ಲಿನಿಗೆ ಮೆಣಸಿನ ಮೇಲೆ ಸಿಟ್ಟು. ಇದಕ್ಕೆ ಸಿಹಿ ಇಲ್ಲ, ಅಂದ ಇಲ್ಲ, ಇರುವುದು ಖಾರ ಒಂದೇ. ಅದಕ್ಕಾಗಿ ಭಾರತದವರೆಗೆ ಹೋಗುತ್ತಾರಲ್ಲ, ಬೆಳ್ಳಿ ಬಂಗಾರದಂತೆ ತೂಗಿ ಕೊಳ್ಳುತ್ತಾರಲ್ಲ ಎಂದು ಗೊಣಗುತ್ತಾನೆ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತದೆ ಎಂಬ ದೂರೂ ಅವನದೇ. ನನಗೆ ಇಷ್ಟವಾದದ್ದು ಬೇರೆ. ಹಿಪ್ಪಲಿಗೆ ಅಲೆಕ್ಸಾಂಡ್ರಿಯಾದ ಸಾಸಿವೆ ಬೆರೆಸುತ್ತಾರೆ, ಕರಿಮೆಣಸಿಗೆ ಜೂನಿಪರ್ ಮರದ ಕಾಯಿ ಬೆರೆಸುತ್ತಾರೆ ಎಂದು ಎಚ್ಚರಿಸಿದ್ದಾನೆ. ನಮ್ಮ ಕಾಲದ ಪಪ್ಪಾಯಿ ಬೀಜ! ಹಿಂದಿನ ವರ್ಷ ಹೊರಗಿನಿಂದ ಬಂದ ಒಂದು ಲೋಡನ್ನು ನಾನು ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ) ಹಾಕಿ ನೋಡಿದೆ, 480 ಗ್ರಾಂ ಬಂತು. ನೀರಿಗೆ ಹಾಕಿದರೆ ಕಾಲು ಭಾಗ ತೇಲಿತು. ವಾಪಸು ಕಳಿಸಿದೆ. ಅಲೆಕ್ಸಾಂಡ್ರಿಯಾದ ಉಗ್ರಾಣದಲ್ಲೂ ನನ್ನಂಥವನೊಬ್ಬ ಕಾಳನ್ನು ನೀರಿಗೆ ಹಾಕಿ ಕುಳಿತಿದ್ದ ಎಂದು ನಂಬಿದ್ದೇನೆ, ಆಧಾರ ಕೇಳಬೇಡಿ.

ಇನ್ನು ‘ಕಾಳು ಸಣ್ಣದು’ ಎಂಬ ಮಾತು. 1942ರಲ್ಲಿ ದಪ್ಪ ಕಾಳಿನ ಪಣಿಯೂರು ತಳಿ ಹುಟ್ಟಿರಲೇ ಇಲ್ಲ. ನಿಮ್ಮ ಅಜ್ಜ ಹೋಲಿಸಿದ್ದು ಊರಿನ ಹಳೆಯ ತಳಿಗೆ. ಅದಕ್ಕಿಂತಲೂ ಸಣ್ಣದು ಎಂದರೆ ಜಾಳು ಸರಕು, ಅಥವಾ ಯುದ್ಧಕಾಲದ ಕಳಪೆ ಮಾಲು.

ಹಳೆಯ ಮೇಷ್ಟ್ರು, ಮಡಿಕೇರಿ

ಸರಕಿನ ಮಾತಾಯಿತು, ಸರಕಿನ ಹಿಂದೆ ಹೋದ ಮಾತಿನ ಬಗ್ಗೆ ನನ್ನದೊಂದು ಸೇರಿಸುತ್ತೇನೆ. ಡಿಯೋ ಕ್ರಿಸೊಸ್ಟೊಮ್ ಎಂಬ ವಾಗ್ಮಿ ಅಲೆಕ್ಸಾಂಡ್ರಿಯಾದ ಜನರಿಗೆ ಭಾಷಣ ಮಾಡುತ್ತ, ನಿಮ್ಮ ನಡುವೆ ಅರಬರು, ಪರ್ಷಿಯನ್ನರು, ಕೆಲವು ಭಾರತೀಯರೂ ಕುಳಿತಿದ್ದಾರೆ ಎನ್ನುತ್ತಾನೆ. ಆ ಕೆಲವರು ಯಾವ ಭಾಷೆ ಆಡುತ್ತಿದ್ದರೋ! ಅದೇ ಊರಿನಲ್ಲಿ ಕುಳಿತು, ನಾವಿಕರನ್ನು ಕೇಳಿ ಕೇಳಿ, ಟಾಲೆಮಿ 150ರ ಸುಮಾರಿಗೆ ಭೂಗೋಳ ಬರೆದ. ಅದರಲ್ಲಿ ನಮ್ಮ ಬನವಾಸಿ ಇದೆ. ಪಂಪನಿಗಿಂತ ಎಂಟುನೂರು ವರ್ಷ ಮೊದಲು, ಬನವಾಸಿ ನೋಡದವನೊಬ್ಬ ಅಲ್ಲಿ ಅದರ ಹೆಸರನ್ನು ಬರೆದಿಟ್ಟಿದ್ದಾನೆ. ಕೊಡಗು ಇಲ್ಲ, ಹುಡುಕಿ ದಣಿಯಬೇಡಿ.

ಇನ್ನೊಂದು ವಿಷಯ ಬರೆಯದಿದ್ದರೆ ಯಾರಾದರೂ ಬಂದು ಬರೆದೇ ಬರೆಯುತ್ತಾರೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬದಲ್ಲಿ ಸಿಕ್ಕ ಗ್ರೀಕ್ ಪ್ರಹಸನ. ಚಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಗುಡಿಯೊಂದರಲ್ಲಿ ಸಿಕ್ಕಿಕೊಂಡಿರುತ್ತಾಳೆ, ಅವಳ ಕಡೆಯವರು ರಾಜನಿಗೆ ಕುಡಿಸಿ ಮತ್ತೇರಿಸಿ ಬಿಡಿಸಿಕೊಂಡು ಹೋಗುತ್ತಾರೆ. ರಾಜ ಮತ್ತು ಅವನ ಜನ ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸ ಅದು ಕನ್ನಡ ಎಂದ. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಒಂದು ಸಾಲನ್ನು ಓದಿದ್ದಾರೆ. ಮೂವತ್ತು ವರ್ಷ ತರಗತಿಯಲ್ಲಿ ನಾನೂ ಇದನ್ನು ಹೆಮ್ಮೆಯಿಂದ ಹೇಳಿದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಹಾಲು ಆಗ ಪಾಲು ಆಗಿತ್ತು, ಹುಲಿ ಪುಲಿ ಆಗಿತ್ತು ಎಂದು ನೀವೇ ಕಲಿಸಿದ್ದೀರಿ. ಎರಡನೆಯ ಶತಮಾನದಲ್ಲಿ ಹಾಕಿ ಎಂಬ ಹಕಾರ ಎಲ್ಲಿಂದ ಬಂತು’ ಎಂದಳು. ಉತ್ತರ ಕೊಡಲಾಗಲಿಲ್ಲ. ಅಂದಿನಿಂದ ಅದನ್ನು ಕನ್ನಡ ಎನ್ನುವುದನ್ನು ಬಿಟ್ಟಿದ್ದೇನೆ. ನಗಿಸಲು ಬರೆದ ಹುಸಿ ಭಾಷೆ ಇರಬಹುದು, ಬಂದರಿನಲ್ಲಿ ಕೇಳಿದ ನಿಜವಾದ ನಾಲ್ಕು ಶಬ್ದ ಅದರೊಳಗೆ ಸೇರಿಯೂ ಇರಬಹುದು.

ಬಳ್ಳಿಮನೆ, ವಿರಾಜಪೇಟೆ ಕಡೆ

ಎಲ್ಲರಿಗೂ ವಂದನೆಗಳು. ಎರಡು ಸಲ ಓದಿದೆ. ಮಧ್ಯೆ ಒಂದು ಮೋಡ ಬಂದು ಹೆದರಿಸಿ ಹೋಯಿತು.

ಹಡಗಿನವರ ಲೆಕ್ಕದಲ್ಲಿ ನನಗೆ ಒಂದು ತೊಡಕು ಕಾಣುತ್ತಿದೆ. ಹಡಗು ಜನವರಿ 13ರೊಳಗೆ ಹೊರಡಬೇಕು ಎಂದಿರಿ. ನಮ್ಮಲ್ಲಿ ಮರಕ್ಕೆ ಏಣಿ ಇಡುವುದೇ ಜನವರಿ ಕೊನೆಗೆ, ಮುಗಿಯುವುದು ಮಾರ್ಚ್ ದಾಟಿ. ಕಾಫಿ ಕೊಯ್ಲು ಎಂಬ ನೆಪವೂ ಆಗ ಇರಲಿಲ್ಲ, ಈ ಎತ್ತರದಲ್ಲಿ ಕಾಳು ಬಲಿಯುವುದೇ ತಡ. ಹಾಗಾದರೆ ಘಟ್ಟದ ಮೇಲಿನ ಕಾಡುಮೆಣಸು ಆ ಹಡಗಿಗೆ ಸಿಕ್ಕಿರಬೇಕಾದರೆ ಅದು ಹಿಂದಿನ ವರ್ಷದ್ದೇ ಆಗಿರಬೇಕು. ಒಂದು ಮಳೆಗಾಲ ಕಳೆದ ಮೆಣಸು! ನಮ್ಮ ಮಳೆಯಲ್ಲಿ ಅದನ್ನು ಬೂಸು ಹಿಡಿಯದಂತೆ ಇಡುವುದು ಎಂದರೆ ಒಲೆಯ ಮೇಲಿನ ಅಟ್ಟ ಒಂದೇ ದಾರಿ. ನಮ್ಮ ಅಜ್ಜಿ ಹಾಗೆಯೇ ಇಡುತ್ತಿದ್ದರು, ಕಾಳಿಗೆ ಹೊಗೆಯ ವಾಸನೆ ಬರುತ್ತಿತ್ತು. ಘಟ್ಟದ ಕೆಳಗೆ, ಕೇರಳದ ಗಡಿಯ ಮಾಕುಟ್ಟ ದಾಟಿದ ಮೇಲೆ, ಕೊಯ್ಲು ಎರಡು ತಿಂಗಳು ಮುಂಚೆ. ಹಡಗಿಗೆ ಹೊಸ ಬೆಳೆ ಸಿಕ್ಕಿದ್ದರೆ ಅದು ಅವರದೇ.

ಹಡಗು ಬಿಟ್ಟವನು, ಪೊನ್ನಂಪೇಟೆ

ಇದು ನನಗೆ ಹೊಳೆದಿರಲಿಲ್ಲ. ನಾನು ಗಾಳಿಯ ಕಡೆಯಿಂದ ಲೆಕ್ಕ ಹಾಕಿದೆ, ನೀವು ಬಳ್ಳಿಯ ಕಡೆಯಿಂದ. ಒಪ್ಪಿದೆ. ಕೊಡಗಿನ ಕಾಳು ಅಲೆಕ್ಸಾಂಡ್ರಿಯಾ ನೋಡಿದೆ ಎಂದು ಇನ್ನು ಮೇಲೆ ನಾನು ಎಲ್ಲೂ ಹೇಳುವುದಿಲ್ಲ.

ಬರೆಯಲು ಬಿಟ್ಟದ್ದು ಒಂದಿದೆ. ಈ ವ್ಯಾಪಾರ ರೋಮನ್ನರ ಜೊತೆ ಮುಗಿಯಲಿಲ್ಲ. ನಡುಗಾಲದಲ್ಲಿ ವೆನಿಸಿನವರು ಮೆಣಸು ಕೊಳ್ಳಲು ಬರುತ್ತಿದ್ದದ್ದೂ ಇದೇ ಅಲೆಕ್ಸಾಂಡ್ರಿಯಾಕ್ಕೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೇ ಈ ಹಿತ್ತಲ ಬಾಗಿಲನ್ನು ತಪ್ಪಿಸಲು. 1798ರಲ್ಲಿ ನೆಪೋಲಿಯನ್ ಇಳಿದಾಗ ಊರಿನಲ್ಲಿ ಉಳಿದಿದ್ದವರು ಕೆಲವೇ ಸಾವಿರ. ಮತ್ತೆ ನೈಲ್ ಕಾಲುವೆ ತೋಡಿದ್ದು 1820ರಲ್ಲಿ, ಆಮೇಲೆ ಹತ್ತಿಯ ಹಣ ಬಂತು. ನಿಮ್ಮ ಅಜ್ಜ ನೋಡಿದ್ದು ಆ ಹತ್ತಿಯ ಊರನ್ನು.

ಕಾರ್ಡಿನ ನಾಲ್ಕನೆಯ ಸಾಲು ನೀವು ಬರೆಯಲೇ ಇಲ್ಲ. ಮನೆಯ ಮಾತಾಗಿದ್ದರೆ ಬೇಡ.

ಬಳ್ಳಿಮನೆ, ವಿರಾಜಪೇಟೆ ಕಡೆ

ಮುಚ್ಚಿಡುವಂಥದ್ದು ಏನೂ ಇಲ್ಲ. ‘ಪುತ್ತರಿಗೆ ಬರಲಾಗುವುದಿಲ್ಲ, ಕದಿರು ತೆಗೆಯುವಾಗ ನನ್ನ ಕೋವಿಯನ್ನು ತಮ್ಮನಿಗೆ ಕೊಡಿ’ ಎಂದಿದೆ.

ಹಡಗು ಬಿಟ್ಟವನು, ಪೊನ್ನಂಪೇಟೆ

ನಮ್ಮ ಸುಗ್ಗಿ ಹಬ್ಬ ಪುತ್ತರಿ ಎಂದರೆ ನವೆಂಬರ್ ಕೊನೆ, ಡಿಸೆಂಬರ್. ಪತ್ರ ಮುಟ್ಟಲು ಒಂದು ತಿಂಗಳಾದರೂ ಬೇಕು ಎಂದು ಲೆಕ್ಕ ಹಾಕಿ ಅವರು ಬರೆದಿದ್ದರೆ ಅದು ಅಕ್ಟೋಬರ್. 1942ರ ಅಕ್ಟೋಬರ್ 23ರ ರಾತ್ರಿ ಅಲೆಕ್ಸಾಂಡ್ರಿಯಾದಿಂದ ನೂರು ಕಿಲೋಮೀಟರ್ ಪಶ್ಚಿಮಕ್ಕೆ ಎಲ್ ಅಲಮೀನಿನಲ್ಲಿ ಜರ್ಮನರ ಮೇಲೆ ಬ್ರಿಟಿಷರ ಫಿರಂಗಿ ಶುರುವಾಯಿತು, ಕಾಳಗ ನವೆಂಬರ್ 4ರವರೆಗೆ ನಡೆಯಿತು. ಲಾರಿಗಳಿಗೆ ಆಗ ಬಿಡುವೇ ಇರಲಿಲ್ಲ. ಅಂಚೆಗೆ ಹಾಕದೆ ಉಳಿದದ್ದು ಅದಕ್ಕೇ ಇರಬೇಕು.